ಓಪನ್‌ಬ್ಯಾಕ್ ಹೆಡ್‌ಫೋನ್ ಒಗ್ಗುತ್ತದೋ ಇಲ್ಲವೋ? ಕಿವಿಯಿಂದ ನೆತ್ತಿಯವರೆಗೆ ಪರೀಕ್ಷೆ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ಕೂತಿದ್ದೆ. ತಾಳದ ಝಣ್ ಅನ್ನುವ ಸದ್ದು ಅಷ್ಟು ಚೊಕ್ಕವಾಗಿ ನಾನು ಎಲ್ಲೂ ಕೇಳಿರಲಿಲ್ಲ. ಗಾಯಕಿ ಉಸಿರೆಳೆದುಕೊಂಡಿದ್ದೂ ಗೊತ್ತಾಗುತ್ತಿತ್ತು. ಮರುಳಾಗಿ ಅಲ್ಲೇ ದುಡ್ಡು ಕೊಟ್ಟು ತಂದೆ. ಮೂರನೇ ದಿನಕ್ಕೆ ಅದು ಮತ್ತೆ ಡಬ್ಬಿ ಸೇರಿತ್ತು. ಅದೇ ತಾಳ ಈಗ ಕಿವಿಗೆ ಸೂಜಿ ಹಾಕಿದ ಹಾಗಿತ್ತು. ನಲವತ್ತು ನಿಮಿಷ ಆಗುವಷ್ಟರಲ್ಲಿ ನೆತ್ತಿಯ ಮೇಲೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ನೋವು ಬೇರೆ.

ಆಮೇಲಿಂದ ನಾನು ನೆಚ್ಚಿಕೊಂಡಿರುವುದು ಒಂದೇ ಅಳತೆ. ಹಾಕಿಕೊಂಡ ಎಷ್ಟು ಹೊತ್ತಿಗೆ ಕೈ ತಾನಾಗಿ ಮೇಲೆ ಹೋಗಿ ಹೆಡ್‌ಫೋನ್ ತೆಗೆಯುತ್ತದೆ? ಸದ್ದು ಚುಚ್ಚಿದರೂ ಕೈ ಹೋಗುತ್ತದೆ, ಕಿವಿ ಬೆವರಿದರೂ ಹೋಗುತ್ತದೆ, ತಲೆ ನೊಂದರೂ ಹೋಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಕೈ ಯಾಕೆ ಮೇಲೆ ಹೋಯಿತು ಅಂತ ಕಂಡುಹಿಡಿಯುವುದಕ್ಕೆ. ಪಕ್ಕದಲ್ಲಿ ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ. ಹಾಕಿದ ಸಮಯ, ತೆಗೆದ ಸಮಯ, ಕಾರಣ: ಇಷ್ಟು ಬರೆದರೆ ಸಾಕು.

ಓಪನ್‌ಬ್ಯಾಕ್ ಅಂದರೆ

ಮಾಮೂಲಿ ಹೆಡ್‌ಫೋನಿನ ಕಪ್ಪಿನ ಹಿಂಬದಿ ಮುಚ್ಚಿರುತ್ತದೆ. ಓಪನ್‌ಬ್ಯಾಕ್‌ನಲ್ಲಿ ಅಲ್ಲಿ ಜಾಲರಿ ಇರುತ್ತದೆ. ಗಾಳಿಯೂ ಸದ್ದೂ ಹಿಂದಕ್ಕೆ ಹರಿದು ಹೋಗುತ್ತವೆ. ಹಾಗಾಗಿ ಕಪ್ಪಿನೊಳಗೆ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದು ಕಮ್ಮಿ. ಡಬ್ಬಿಯೊಳಗೆ ಹಾಡು ಕೇಳಿದಂತೆ ಅನ್ನಿಸುವುದಿಲ್ಲ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ತಂದ ಎಚ್‌ಡಿ 414 ಈ ಬಗೆಯ ಮೊದಲನೆಯದು. ಹಳದಿ ಸ್ಪಂಜಿನ ಅದರ ಪ್ಯಾಡು ಇವತ್ತಿಗೂ ಗುರುತು ಸಿಗುತ್ತದೆ.

ಇದಕ್ಕೆ ಬೆಲೆಯೂ ಇದೆ. ನೀವು ಕೇಳುವ ಹಾಡು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಅಡುಗೆಮನೆಯ ಮಿಕ್ಸಿ, ಕುಕ್ಕರ್ ಸೀಟಿ ನಿಮಗೂ ಕೇಳಿಸುತ್ತವೆ. ಮೆಟ್ರೋದಲ್ಲಿ, ಆಫೀಸಿನಲ್ಲಿ ಹಾಕಿಕೊಳ್ಳುವ ಆಸೆ ಇದ್ದರೆ ಇಲ್ಲಿಗೇ ನಿಲ್ಲಿಸಿ ಮುಚ್ಚಿದ ಕಪ್ಪಿನದನ್ನು ನೋಡಿ.

ಹಂತ 1: ಜಾಗ ಮತ್ತು ಕರೆಂಟು

ಪರೀಕ್ಷೆಗೆ ರಾತ್ರಿ ಒಂಬತ್ತರ ಮೇಲಿನ ಹೊತ್ತು ಒಳ್ಳೆಯದು. ಫ್ಯಾನ್ ಆರಿಸಿ ಒಮ್ಮೆ ಕೇಳಿ, ಹಾಕಿ ಒಮ್ಮೆ ಕೇಳಿ. ನಮ್ಮ ಮನೆಗಳಲ್ಲಿ ವರ್ಷದ ಎಂಟು ತಿಂಗಳು ಫ್ಯಾನ್ ಕೆಳಗೇ ಕೇಳುವುದು, ಅಲ್ವಾ? ಆ ಗಾಳಿಯ ಸದ್ದು ಮೆಲ್ಲಗಿನ ತಂಬೂರಿಯನ್ನು ಎಷ್ಟು ನುಂಗುತ್ತದೆ ಅಂತ ಮೊದಲೇ ಗೊತ್ತಾಗಲಿ.

ಇನ್ನು ಆಂಪ್ಲಿಫೈಯರ್, ಅಂದರೆ ಹೆಡ್‌ಫೋನಿಗೆ ಬೇಕಾದ ಬಲ ಕೊಡುವ ಆಂಪ್. ಸೆನ್‌ಹೈಸರ್ ಎಚ್‌ಡಿ 600ರ ಇಂಪೀಡನ್ಸ್ (ಕರೆಂಟಿಗೆ ಒಡ್ಡುವ ತಡೆ) 300 ಓಮ್, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊದ ಹೆಸರಾದ ಮಾದರಿಯದು 250 ಓಮ್. ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ನಲ್ಲಿ ಇವು ಹಾಡುತ್ತವೆ, ಆದರೆ ಮೆಲ್ಲಗೆ ರೆಕಾರ್ಡ್ ಆದ ಹಳೆಯ ಕಛೇರಿಗೆ ವಾಲ್ಯೂಮ್ ತುದಿ ಮುಟ್ಟಬಹುದು. ಹೈಫೈಮನ್ ಸುಂದರಕ್ಕೆ ಇರುವುದು 37 ಓಮ್ ಮಾತ್ರ. (ಈ ಹೆಸರು ಕೇಳಿದಾಗಲೆಲ್ಲ ನನಗೆ ಊರಿನ ಸುಂದರಣ್ಣ ನೆನಪಾಗುತ್ತಾನೆ.) ಓಮ್ ಕಮ್ಮಿ ಅಂತ ಸುಲಭ ಅಂದುಕೊಳ್ಳಬೇಡಿ. ಅದು ಪ್ಲೇನರ್ ಜಾತಿಯದು, ಅಂದರೆ ಆಯಸ್ಕಾಂತಗಳ ಬಳಿ ತೆಳ್ಳನೆಯ ಚಪ್ಪಟೆ ಪೊರೆ ಅಲುಗಿ ಸದ್ದು ಮಾಡುವಂಥದ್ದು. ಅದಕ್ಕೆ ಕರೆಂಟು ಜಾಸ್ತಿ ಬೇಕು.

ಆಂಪಿನ ಔಟ್‌ಪುಟ್ ಇಂಪೀಡನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಮ್ಮಿ ಇರಲಿ. ಅಂದರೆ 32 ಓಮಿನ ಹೆಡ್‌ಫೋನಿಗೆ 4 ಓಮ್ ಒಳಗೆ. ಇಲ್ಲವಾದರೆ ನೀವು ತೂಗುತ್ತಿರುವುದು ಹೆಡ್‌ಫೋನನ್ನಲ್ಲ, ಆಂಪ್ ಮತ್ತು ಹೆಡ್‌ಫೋನಿನ ಜಗಳವನ್ನು. ಎಚ್‌ಡಿ 600ರಂಥದ್ದರಲ್ಲಿ 100 ಹರ್ಟ್ಸ್ ಸುತ್ತ ಇಂಪೀಡನ್ಸ್ ತಾನೇ ಮೇಲೇರುತ್ತದೆ. (ಹರ್ಟ್ಸ್ ಅಂಕಿ ಕಮ್ಮಿಯಾದಷ್ಟೂ ಸದ್ದು ತಗ್ಗು, ಜಾಸ್ತಿಯಾದಷ್ಟೂ ಕೀರಲು.) ಹೊಂದದ ಆಂಪ್ ಕೊಟ್ಟರೆ ಅಲ್ಲಿ ಬೇಸ್ ಊದಿಕೊಳ್ಳುತ್ತದೆ. ಕೆಲವರಿಗೆ ಅದೇ ಇಷ್ಟವಾಗಿಬಿಡುತ್ತದೆ, ಅದು ಬೇರೆ ಮಾತು.

ಈಕ್ವಲೈಜರ್, ಬೇಸ್ ಬೂಸ್ಟ್, ಡಾಲ್ಬಿ ಎಲ್ಲ ಆಫ್ ಮಾಡಿ.

ಹಂತ 2: ಹಾಡು ಹಾಕುವ ಮೊದಲು ತಲೆಗೆ ಹಾಕಿ

ಎಲ್ಲರೂ ಮೊದಲು ಸದ್ದು ಕೇಳುತ್ತಾರೆ. ನಾನು ಮೊದಲ ಇಪ್ಪತ್ತು ನಿಮಿಷ ಹಾಡೇ ಹಾಕುವುದಿಲ್ಲ. ಹಾಡು ಶುರುವಾದರೆ ನೋವು ಮರೆತುಹೋಗುತ್ತದೆ, ಅಂಗಡಿಯವರಿಗೂ ಅದೇ ಬೇಕು. ಸುಮ್ನೆ ಹಾಕಿಕೊಂಡು ಪೇಪರ್ ಓದಿ.

ಮೊದಲು ತೂಕ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಎಚ್‌ಡಿ 600 ಸುಮಾರು 260 ಗ್ರಾಂ, ಸುಂದರ 372 ಗ್ರಾಂ. ಆಡೀಝ್ ಎಲ್‌ಸಿಡಿ-ಎಕ್ಸ್ 600 ಗ್ರಾಂ ದಾಟುತ್ತದೆ. (ಆ ಕಂಪನಿಯವರೇ ತಮ್ಮ ಹೆಸರನ್ನು ‘ಆಡಿಸಿ’ ಅನ್ನುತ್ತಾರೆ. ನಮ್ಮವರು ಬರೆದ ಹಾಗೆ ಓದುತ್ತಾರೆ.) ಆದರೆ ಬರೀ ತೂಕದಿಂದ ಏನೂ ಹೇಳುವಂತಿಲ್ಲ. ಅದು ನೆತ್ತಿಯ ಮೇಲೆ ಅಗಲವಾಗಿ ಹಂಚಿಕೊಂಡರೆ 400 ಗ್ರಾಂ ಕೂಡ ನಡೆಯುತ್ತದೆ. ಒಂದೇ ಚುಕ್ಕಿಯ ಮೇಲೆ ಕೂತರೆ 250 ಗ್ರಾಮೂ ಕಾಡುತ್ತದೆ. ಎಕೆಜಿಯ ಕೆ 701ರ ತೊಗಲಿನ ಪಟ್ಟಿಯ ಒಳಗಡೆ ಉಬ್ಬುಗಳಿದ್ದವು. ಕೂದಲು ಕಮ್ಮಿ ಇದ್ದವರು ಅದನ್ನು ಶಪಿಸುತ್ತಿದ್ದುದು ಸುಮ್ಮನೆ ಅಲ್ಲ.

ಆಮೇಲೆ ಹಿಡಿತ. ತಲೆ ಬಗ್ಗಿಸಿ ಚಪ್ಪಲಿ ಹಾಕಿಕೊಳ್ಳುವ ಹಾಗೆ ಮಾಡಿ. ಜಾರಿ ಬೀಳಬಾರದು. ಬಾಯಿ ತೆರೆದು ಮುಚ್ಚಿ, ಒಂದು ಚಕ್ಕುಲಿ ಕಡಿಯಿರಿ. ದವಡೆಯ ಕೀಲಿನ ಹತ್ತಿರ ಒತ್ತಿದಂತೆ ಅನ್ನಿಸಿದರೆ ಬರೆದಿಡಿ. ಎಚ್‌ಡಿ 600ರ ಜಾತಿಯವು ಹೊಸದರಲ್ಲಿ ಬಿಗಿ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ರಾತ್ರಿಯಿಡೀ ತಲೆಯಷ್ಟೇ ಅಗಲದ ಪುಸ್ತಕದ ಗುಡ್ಡೆಗೆ ತೊಡಿಸಿಟ್ಟರೆ ಕೊಂಚ ಸಡಿಲಾಗುತ್ತದೆ. ಪ್ಲಾಸ್ಟಿಕ್ ಭಾಗವನ್ನು ಮಾತ್ರ ಬಗ್ಗಿಸಲು ಹೋಗಬೇಡಿ.

ಮೂರನೆಯದು ಪ್ಯಾಡು. ಕಿವಿ ಪೂರ್ತಿ ಒಳಗೆ ಕೂರಬೇಕು. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತಿದೆಯಾ? ಮೊದಲು ಗೊತ್ತಾಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಅದೊಂದು ಚುಕ್ಕಿ ಬಿಸಿಯಾಗುತ್ತದೆ, ಆಮೇಲೆ ತುರಿಸುತ್ತದೆ. ಮಖಮಲ್ಲಿನ ಪ್ಯಾಡು ಗಾಳಿಯಾಡುತ್ತದೆ, ಆದರೆ ಬೆವರು, ತಲೆಗೆ ಹಚ್ಚಿದ ಎಣ್ಣೆ ಹೀರಿಕೊಳ್ಳುತ್ತದೆ. ರೆಕ್ಸಿನ್ ಥರದ್ದು ಒರೆಸಿದರೆ ಚೊಕ್ಕ, ಆದರೆ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಹಾಕಿಕೊಂಡರೆ ಹತ್ತು ನಿಮಿಷಕ್ಕೆ ಕೆನ್ನೆ ಒದ್ದೆ. ವಿದೇಶದ ರಿವ್ಯೂಗಳಲ್ಲಿ ಆರಾಮಾಗಿದೆ ಅಂತ ಬರೆದಿದ್ದರೆ, ಅವರ ಕೋಣೆ ನಿಮ್ಮ ಕೋಣೆಗಿಂತ ಹತ್ತು ಡಿಗ್ರಿ ತಂಪಾಗಿತ್ತು ಅಂತ ಓದಿಕೊಳ್ಳಿ.

ಕನ್ನಡಕ ಹಾಕುವವರು ಕನ್ನಡಕ ಹಾಕಿಯೇ ನೋಡಬೇಕು. ಕಡ್ಡಿಯನ್ನು ಪ್ಯಾಡು ತಲೆಬುರುಡೆಗೆ ಒತ್ತುತ್ತದೆ. ಅಲ್ಲಿ ಸಣ್ಣ ಸಂದು ಉಳಿದು ಬೇಸ್ ಕೂಡ ಸೋರುತ್ತದೆ. ಪ್ಲೇನರ್‌ಗಳಲ್ಲಿ ಇದು ಹೆಚ್ಚು ಗೊತ್ತಾಗಬಹುದು. ಓಲೆ, ಜುಮುಕಿ, ತುರುಬು ಎಲ್ಲಕ್ಕೂ ಇದೇ ಮಾತು. ನೀವು ದಿನವೂ ಹೇಗಿರುತ್ತೀರೋ ಹಾಗೇ ಕೂತು ಪರೀಕ್ಷಿಸಿ.

ಹಂತ 3: ಎಡ ಬಲ ಸರಿ ಇದೆಯಾ

ಇದಕ್ಕೆ ಹಳೆಯ ಮೋನೋ ರೆಕಾರ್ಡಿಂಗ್‌ನಂಥ ಸಾಮಾನು ಇನ್ನೊಂದಿಲ್ಲ. ಎಪ್ಪತ್ತು ಎಂಬತ್ತು ವರ್ಷ ಹಳೆಯ ಯಾವುದಾದರೂ ಗಾಯನ ಹಾಕಿ. ಎರಡೂ ಕಿವಿಗೆ ಒಂದೇ ಸದ್ದು ಹೋಗುತ್ತಿರುತ್ತದೆ. ಹಾಡುವವರು ನಿಮ್ಮ ಹುಬ್ಬಿನ ನಡುವೆ ನಿಂತಿರಬೇಕು. ಬಲಕ್ಕೆ ವಾಲಿದಂತೆ ಅನ್ನಿಸಿತಾ? ಹೆಡ್‌ಫೋನನ್ನು ತಿರುಗಿಸಿ, ಎಡದ ಕಪ್ಪು ಬಲಕ್ಕೆ ಬರುವ ಹಾಗೆ ಹಾಕಿ. ಈಗ ಎಡಕ್ಕೆ ವಾಲಿದರೆ ತಪ್ಪು ಹೆಡ್‌ಫೋನಿನದು ಇಲ್ಲವೇ ಆಂಪಿನದು. ಇನ್ನೂ ಬಲಕ್ಕೇ ವಾಲಿದರೆ ನಿಮ್ಮ ಕಿವಿಯದು. ನನಗೆ ಒಮ್ಮೆ ಹಾಗೇ ಆಯಿತು. ಅಂಗಡಿಗೆ ಜಗಳಕ್ಕೆ ಹೋಗುವ ಮೊದಲು ಡಾಕ್ಟರ ಹತ್ತಿರ ಹೋದೆ. ಎಡಗಿವಿಯಲ್ಲಿ ಗುಗ್ಗೆ ಕಟ್ಟಿತ್ತು.

ಅಗ್ಗದ ಆಂಪಿನ ವಾಲ್ಯೂಮ್ ಗುಂಡಿ ಶುರುವಿನಲ್ಲಿ ಒಂದು ಕಡೆ ಜಾಸ್ತಿ ಬಿಡುವುದುಂಟು. ಸ್ವಲ್ಪ ತಿರುಗಿಸಿ ಮೇಲೆ ತಂದರೆ ಸರಿಹೋಗುತ್ತದೆ. ಫೋನಿನ ವಾಲ್ಯೂಮ್ ಇಳಿಸಿ, ಗುಂಡಿ ಏರಿಸಿ ನೋಡಿ.

ಈಗ 20ರಿಂದ 20,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ. ವಾಲ್ಯೂಮ್ ಕಮ್ಮಿ ಇರಲಿ. ಕೆಳಗಡೆ ಎಲ್ಲಾದರೂ ಗರಗರ ಅಂದರೆ ಡ್ರೈವರ್ (ಕಪ್ಪಿನೊಳಗೆ ಸದ್ದು ಹೊರಡಿಸುವ ಭಾಗ) ಮೇಲೆ ಕೂದಲು ಬಿದ್ದಿದೆ ಅಥವಾ ಅದು ಹಾಳಾಗಿದೆ. ಜಾಲರಿ ತೆರೆದಿರುವುದರಿಂದ ಓಪನ್‌ಬ್ಯಾಕ್‌ಗಳಿಗೆ ಕೂದಲಿನ ಕಾಟ ಜಾಸ್ತಿ. ಏರುತ್ತಾ ಹೋದಂತೆ ಯಾವುದೋ ಒಂದು ಕಡೆ ಸದ್ದು ಥಟ್ಟನೆ ಕಿವಿಗೆ ಹೊಡೆದರೆ ಆ ಸಂಖ್ಯೆ ಬರೆದಿಡಿ. ಮುಂದೆ ಬೇಕಾಗುತ್ತದೆ.

ಹಂತ 4: ವಾಲ್ಯೂಮ್ ಸಮ ಮಾಡದೆ ಹೋಲಿಸಬೇಡಿ

ಎರಡು ಹೆಡ್‌ಫೋನ್ ಹೋಲಿಸುವಾಗ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನ್ನಿಸುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು ತೋರಿಸಿಕೊಟ್ಟ ಸಂಗತಿ ಇದರ ಹಿಂದಿದೆ. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬೇಸ್ ಇನ್ನೂ ಕಮ್ಮಿ ಕೇಳಿಸುತ್ತದೆ. ಜೋರು ಮಾಡಿದ ಕೂಡಲೇ ಬೇಸ್ ತುಂಬಿ ಬರುತ್ತದೆ. ನಾವು ಅದನ್ನು ಹೆಡ್‌ಫೋನಿನ ಗುಣ ಅಂದುಕೊಳ್ಳುತ್ತೇವೆ.

ಮನೆಯಲ್ಲೇ ಮಾಡುವ ಉಪಾಯ: ಒಂದು ರಟ್ಟಿಗೆ ತೂತು ಕೊರೆದು, ಫೋನಿನ ಮೈಕ್ ಆ ತೂತಿಗೆ ಬರುವ ಹಾಗೆ ಇಡಿ. ಸದ್ದು ಅಳೆಯುವ ಯಾವುದಾದರೂ ಆ್ಯಪ್ ಹಾಕಿ. ಕಪ್ಪನ್ನು ರಟ್ಟಿನ ಮೇಲೆ ಒತ್ತಿಟ್ಟು ಪಿಂಕ್ ನಾಯ್ಸ್ ನುಡಿಸಿ. ಇದು ಮಳೆ ಸುರಿದಂತೆ ಕೇಳುವ ಸದ್ದು, ನೆಟ್ಟಿನಲ್ಲಿ ಸಿಗುತ್ತದೆ. ಎರಡೂ ಹೆಡ್‌ಫೋನಿಗೆ ಒಂದೇ ಅಂಕಿ ಬರುವಂತೆ ವಾಲ್ಯೂಮ್ ಹೊಂದಿಸಿ. ಆ ಅಂಕಿ ನಿಜವಾದ ಡೆಸಿಬಲ್ ಅಲ್ಲದಿರಬಹುದು. ಎರಡೂ ಸಮ ಅನ್ನುವುದಷ್ಟೇ ನಮಗೆ ಬೇಕಿರುವುದು.

ಜೋರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹೊರಗಿನ ಗದ್ದಲ ಒಳಬರುವುದರಿಂದ ಗೊತ್ತಿಲ್ಲದೇ ವಾಲ್ಯೂಮ್ ಏರಿಸುತ್ತೇವೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ. ಮೂರು ಡೆಸಿಬಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಹಂತ 5: ಮೊದಲು ಮಾತು, ಆಮೇಲೆ ಹಾಡು

ಪಿಟೀಲು ನಿಜಕ್ಕೂ ಹೇಗಿರುತ್ತದೆ ಅಂತ ಎದುರು ಕೂತು ಕೇಳಿದವರು ಕಮ್ಮಿ. ಮನುಷ್ಯರ ಮಾತು ಮಾತ್ರ ಹುಟ್ಟಿದಾಗಿನಿಂದ ಕೇಳಿದ್ದೇವೆ. ಅದರಲ್ಲಿ ನಮ್ಮ ಕಿವಿಗೆ ಮೋಸ ಮಾಡುವುದು ಕಷ್ಟ. ಚೆನ್ನಾಗಿ ರೆಕಾರ್ಡ್ ಆದ ಕನ್ನಡ ಓದು, ವಾರ್ತೆ, ಸಂದರ್ಶನ ಏನಾದರೂ ಹಾಕಿ. ಗಂಡಸಿನ ದನಿ ಕೊಡದೊಳಗಿಂದ ಬಂದಂತಿದೆಯಾ? ಹಾಗಾದರೆ 200 ಹರ್ಟ್ಸ್ ಸುತ್ತ ಉಬ್ಬಿದೆ. ಹೆಂಗಸಿನ ದನಿ ಮೂಗಿನಿಂದ ಬಂದಂತಿದೆಯಾ, ಫೋನಿನಲ್ಲಿ ಮಾತಾಡಿದಂತಿದೆಯಾ? ಹಾಗಾದರೆ ನಡುಭಾಗ, ಅಂದರೆ ಬೇಸ್‌ಗೂ ಕೀರಲು ಸದ್ದಿಗೂ ನಡುವಿನದು, ಕೆಟ್ಟಿದೆ.

‘ಸ’, ‘ಶ’, ‘ಚ’ ಅಕ್ಷರಗಳ ಮೇಲೆ ಕಣ್ಣಿಡಿ, ಅಲ್ಲ, ಕಿವಿ ಇಡಿ. ನಾನು ಮನೆಯವರ ಹತ್ತಿರ ‘ಸೊಸೆ ಸಂಜೆ ಸಂತೆಯಿಂದ ಸಾಸಿವೆ, ಸೌತೆಕಾಯಿ ತಂದಳು’ ಅಂತ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಅವರು ನಗುತ್ತಾರೆ, ನಗಲಿ. ದನಿಯ ಯಜಮಾನರು ಎದುರಿಗೇ ಇರುವುದರಿಂದ ಹೆಡ್‌ಫೋನ್ ತೆಗೆದು ಅದೇ ವಾಕ್ಯ ಹೇಳಿಸಿ ತಾಳೆ ನೋಡಬಹುದು. ಸಕಾರ ಉಳಿದ ಅಕ್ಷರಗಳಿಗಿಂತ ಮುಂದೆ ಹಾರಿ ಬಂದರೆ 6ರಿಂದ 9 ಸಾವಿರ ಹರ್ಟ್ಸ್ ನಡುವೆ ಏರಿಕೆ ಇದೆ. ಹಂತ 3ರಲ್ಲಿ ಬರೆದಿಟ್ಟ ಸಂಖ್ಯೆ ಅಲ್ಲೇ ಸುತ್ತಮುತ್ತ ಇರುತ್ತದೆ, ನೋಡಿ. ಡಿಟಿ 990 ಪ್ರೊ ಈ ಕಾರಣಕ್ಕೇ ಕೆಲವರಿಗೆ ಅಚ್ಚುಮೆಚ್ಚು, ಕೆಲವರಿಗೆ ತಲೆನೋವು.

ಇಲ್ಲಿ ಗ್ರಾಫಿನ ಮಾತು ಬರುತ್ತದೆ, ಅಂದರೆ ಯಾವ ಹರ್ಟ್ಸ್‌ನಲ್ಲಿ ಸದ್ದು ಎಷ್ಟು ಜೋರು ಅಂತ ತೋರಿಸುವ ಗೆರೆ. ಹರ್ಮನ್ ಕಂಪನಿಯ ಷಾನ್ ಆಲಿವ್ ಮತ್ತು ಜೊತೆಯವರು 2010ರ ದಶಕದಲ್ಲಿ ಜನರಿಗೆ ಯಾವ ಬಗೆಯ ಸದ್ದು ಹಿಡಿಸುತ್ತದೆ ಅಂತ ಹುಡುಕಿ ಒಂದು ಗೆರೆ ಎಳೆದರು. ಅದನ್ನು ನೋಡುವುದು ಒಳ್ಳೆಯದೇ. ಆದರೆ 8 ಸಾವಿರ ಹರ್ಟ್ಸ್‌ನಿಂದ ಮೇಲೆ ಕಿವಿಯ ಆಕಾರ ಬದಲಾದಂತೆ ಸದ್ದೂ ಬದಲಾಗುತ್ತದೆ. ಗ್ರಾಫ್ ತೆಗೆಯಲು ಹೆಡ್‌ಫೋನ್ ತೊಡಿಸುವ ಅಳತೆಯ ಗೊಂಬೆಯ ಕಿವಿ ನಿಮ್ಮ ಕಿವಿಯಲ್ಲ. ಚುಚ್ಚುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಆ ಜಾಗದ ಸುತ್ತಮುತ್ತಲೇ ತೀರ್ಮಾನ ಆಗುವುದು.

ಹಂತ 6: ನಮ್ಮ ಸಂಗೀತದಿಂದಲೇ ತೂಗಿ

ರಿವ್ಯೂ ಮಾಡುವವರ ಪಟ್ಟಿಯಲ್ಲಿ ಅಮೆರಿಕದ ಜಾಝ್, ರಾಕ್ ಇರುತ್ತದೆ. ನೀವು ದಿನಾ ಕೇಳುವುದು ಅದಾದರೆ ಸರಿ. ನನಗೆ ನಮ್ಮ ವಾದ್ಯಗಳೇ ಸಲೀಸು.

ತಂಬೂರಿಯಿಂದ ಶುರು ಮಾಡಿ. ಗಂಡಸರು ಸಾಮಾನ್ಯವಾಗಿ ಹಾಡುವ ಸಿ ಶಾರ್ಪ್ ಶ್ರುತಿಯಲ್ಲಿ ನಡುವಿನ ತಂತಿಗಳು ಸುಮಾರು 139 ಹರ್ಟ್ಸ್, ಮಂದ್ರ ಷಡ್ಜದ ತಂತಿ ಸುಮಾರು 69. ಮೀಟಿದ ಮೇಲೆ ಜೀವಾಳಿಯಿಂದ (ಕುದುರೆಯ ಮೇಲೆ ತಂತಿಯ ಕೆಳಗಿಡುವ ದಾರ) ಮೇಲಿನ ಸ್ವರಗಳು ಒಂದೊಂದೇ ಬಿಚ್ಚಿಕೊಂಡು ಬರಬೇಕು. ಮಂದ್ರ ತಂತಿ ಬಂದಾಗ ಗಟ್ಟಿ ನೆಲ ಸಿಕ್ಕ ಹಾಗೆ ಅನ್ನಿಸಬೇಕು. ಬರೀ ಜೇಂಕಾರ ಕೇಳಿ ನೆಲ ಸಿಗದಿದ್ದರೆ ಬೇಸ್ ಸಾಲದು. ಎಚ್‌ಡಿ 600ರಂಥ ಮಾಮೂಲಿ ಡೈನಾಮಿಕ್ ಡ್ರೈವರಿನ ಓಪನ್‌ಬ್ಯಾಕ್‌ಗಳಲ್ಲಿ ತೀರಾ ಕೆಳಗಿನ ಬೇಸ್ ಇಳಿದುಹೋಗುವುದು ಸಹಜ. ಡ್ರೈವರಿನ ಮುಂಬದಿಯಿಂದ ಹೊರಡುವ ಅಲೆ, ಹಿಂಬದಿಯಿಂದ ಹೊರಡುವ ಅಲೆ ಒಂದನ್ನೊಂದು ಕೊಲ್ಲುತ್ತವೆ. ಪ್ಲೇನರ್‌ಗಳು ಇನ್ನೂ ಆಳಕ್ಕೆ ಹೋಗುತ್ತವೆ. ಎಚ್‌ಡಿ 600ರಲ್ಲಿ ಮೃದಂಗದ ಎಡಮುಖ ತಿಳಿಯುತ್ತದೆ, ಸುಂದರದಲ್ಲಿ ಆ ಚರ್ಮದ ಮೇಲೆ ರವೆ ಹಚ್ಚಿದ ಭಾರವೂ ತಿಳಿಯುತ್ತದೆ. ಹಾಡುವವರ ದನಿಗೆ ಬಂದರೆ ನನ್ನ ಮತ ಎಚ್‌ಡಿ 600ಕ್ಕೇ.

ದನಿಗೆ ನನ್ನ ಒರೆಗಲ್ಲು ಗಂಗೂಬಾಯಿ ಹಾನಗಲ್. ಗಂಡಸಿನಷ್ಟು ಭಾರದ, ಗಟ್ಟಿ ದನಿ. ಟ್ರೆಬಲ್ (ಕೀರಲು ಸದ್ದು) ಎತ್ತಿದ ಹೆಡ್‌ಫೋನಿನಲ್ಲಿ ಅವರು ತೆಳ್ಳಗಾಗುತ್ತಾರೆ. ಬೇಸ್ ಊದಿದ್ದರಲ್ಲಿ ಮಂಕಾಗುತ್ತಾರೆ. ಎರಡೂ ಆಗದೆ ಎದೆಯಿಂದ ದನಿ ಬಂದಂತಿದ್ದರೆ ನಡುಭಾಗ ಸರಿ ಇದೆ ಅಂತ ಅರ್ಥ.

ದೊರೆಸ್ವಾಮಿ ಅಯ್ಯಂಗಾರರ ವೀಣೆ ಇನ್ನೊಂದು ವಿಷಯ ಹೇಳುತ್ತದೆ. ಮೀಟಿದ ಟಕ್ ಅನ್ನುವ ಸದ್ದು, ಆಮೇಲೆ ತಂತಿ ಎಳೆದು ಬರುವ ಗಮಕ, ಆಮೇಲೆ ನಿಧಾನಕ್ಕೆ ಆರಿಹೋಗುವ ನಾದ. ಈ ಮೂರೂ ಬೇರೆ ಬೇರೆ ಕೇಳಬೇಕು. ಬರೀ ಟಕ್ ಟಕ್ ಎದ್ದು ಕೇಳಿ ನಾದ ಬೇಗ ಸತ್ತರೆ ಅದು ಚುರುಕಲ್ಲ, ಒಣಕಲು. ಯಕ್ಷಗಾನದ ಚಂಡೆಯನ್ನೂ ಬಿಡಬೇಡಿ. ಏರಿ ಬಂದಾಗ ಎದೆ ಝಲ್ ಅನ್ನಬೇಕು, ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಬಾರದು.

ಇನ್ನು ವಿಸ್ತಾರ, ಅಂದರೆ ಸದ್ದುಗಳು ತಲೆಯ ಸುತ್ತ ಎಷ್ಟು ಅಗಲಕ್ಕೆ ಹರಡಿ ಕೇಳುತ್ತವೆ ಅನ್ನುವುದು. ಎಲ್ಲರೂ ಓಪನ್‌ಬ್ಯಾಕ್ ಕೊಳ್ಳುವುದೇ ಇದಕ್ಕೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಸಾಮಾನ್ಯವಾಗಿ ಗಾಯಕರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಎದುರು ಕೂತ ನಿಮಗೆ ಪಿಟೀಲು ಬಲಗಡೆ ಬರುತ್ತದೆ. ರೆಕಾರ್ಡ್ ಮಾಡಿದವರು ಉಲ್ಟಾ ಮಾಡಿರಲೂಬಹುದು. ಕಣ್ಣು ಮುಚ್ಚಿ ಬೆರಳು ತೋರಿಸಿ: ಘಟ ಎಲ್ಲಿ? ಪಿಟೀಲು ಎಲ್ಲಿ? ತೋರಿಸಲು ಆದರೆ ಚೆನ್ನ. ಎಡದಲ್ಲಿ ಒಂದು ಮುದ್ದೆ, ನಡುವೆ ಒಂದು, ಬಲದಲ್ಲಿ ಒಂದು ಅಂತಿದ್ದರೆ ಅಷ್ಟಕ್ಕಷ್ಟೆ. ಎಚ್‌ಡಿ 600 ಈ ವಿಷಯದಲ್ಲಿ ಬಡಪಾಯಿ ಅಂತ ಅದನ್ನು ಮೆಚ್ಚುವವರೇ ಒಪ್ಪುತ್ತಾರೆ. 2009ರಲ್ಲಿ ಬಂದ ಎಚ್‌ಡಿ 800 ಹೆಸರು ಮಾಡಿದ್ದು ವಿಸ್ತಾರಕ್ಕೇ. ನನ್ನನ್ನು ಕೇಳಿದರೆ, ಇದಕ್ಕಾಗಿ ಜಾಸ್ತಿ ದುಡ್ಡು ಸುರಿಯಬೇಡಿ. ನಾಲ್ಕು ದಿನಕ್ಕೆ ವಿಸ್ತಾರ ಕಿವಿಗೆ ಅಭ್ಯಾಸ ಆಗಿಹೋಗುತ್ತದೆ, ದನಿಯ ಬಣ್ಣ ಮಾತ್ರ ದಿನವೂ ಎದುರಿಗಿರುತ್ತದೆ.

ಹಂತ 7: ಒಂದು ವಾರ, ಆಮೇಲೆ ಹಳೆಯದಕ್ಕೆ ವಾಪಸ್

ಹೊಸ ಹೆಡ್‌ಫೋನ್ ನೂರು ಗಂಟೆ ಓಡಿಸಿದರೆ ತೆರೆದುಕೊಳ್ಳುತ್ತದೆ ಅನ್ನುವ ಮಾತು ಅಂಗಡಿಗಳಲ್ಲಿ ಕೇಳುತ್ತೀರಿ. ಪ್ಯಾಡು ಮೆತ್ತಗಾಗಿ ಡ್ರೈವರ್ ಕಿವಿಗೆ ಹತ್ತಿರ ಬರುವುದು ನಿಜ, ಅದರಿಂದ ಸದ್ದು ಕೊಂಚ ಬದಲಾಗುವುದೂ ನಿಜ. ಉಳಿದದ್ದು ಹೆಚ್ಚಾಗಿ ನಿಮ್ಮ ಕಿವಿ ಒಗ್ಗಿಕೊಳ್ಳುವುದು. ಆ ನೂರು ಗಂಟೆ ಮುಗಿಯುವಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ ಅನ್ನುವುದನ್ನು ಮರೆಯಬೇಡಿ. ಕೊಳ್ಳುವ ಮೊದಲೇ ಆ ಗಡುವು ಎಷ್ಟು ದಿನ, ಡಬ್ಬಿ ತೆರೆದರೂ ತೆಗೆದುಕೊಳ್ಳುತ್ತಾರಾ ಅಂತ ಬರಹದಲ್ಲಿ ಕೇಳಿಕೊಳ್ಳಿ.

ಏಳು ದಿನ ಅದೊಂದನ್ನೇ ಬಳಸಿ. ದಿನವೂ ಚೀಟಿ ಬರೆಯಿರಿ. ಎಂಟನೇ ದಿನ ಹಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಎರಡು ನಿಮಿಷ ಏನು ಅನ್ನಿಸುತ್ತದೋ ಅದನ್ನು ಬರೆದಿಡಿ, ಯಾಕೆಂದರೆ ಆಮೇಲೆ ಕಿವಿ ಮತ್ತೆ ಒಗ್ಗಿಬಿಡುತ್ತದೆ. ಅಯ್ಯೋ ಇಷ್ಟು ಮಂಕಾಗಿತ್ತಾ ಅನ್ನಿಸಬಹುದು. ಉಸ್ಸಪ್ಪಾ ಅನ್ನಿಸಿದರೆ ಹೊಸದು ನಿಮ್ಮನ್ನು ವಾರವಿಡೀ ಸುಸ್ತು ಮಾಡುತ್ತಿತ್ತು ಅಂತ.

ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವವರು ಪ್ಯಾಡು ಚಪ್ಪಟೆಯಾಗಿದೆಯಾ ನೋಡಿ. ಹಳಸಿದ ಪ್ಯಾಡಿನಲ್ಲಿ ಕೇಳಿ ತೀರ್ಮಾನ ಮಾಡಿದರೆ ಅನ್ಯಾಯ. ಬದಲಿಸುವಾಗ ಕಂಪನಿಯದೇ ಹಾಕಿ, ಬೇರೆಯವರ ಪ್ಯಾಡು ಹಾಕಿದರೆ ಸದ್ದೇ ಬೇರೆ.

ಕೊನೆಗೆ ಚೀಟಿ ಓದುವುದು ಹೇಗೆ ಅಂತ ನನ್ನದೇ ಎರಡು. ಮೊದಲನೆಯದರಲ್ಲಿ ಏಳು ದಿನದ ಲೆಕ್ಕ 35, 40, 30, 45 ನಿಮಿಷ ಅಂತ ಹೋಗಿದೆ. ಕಾರಣದ ಜಾಗದಲ್ಲಿ ನಾಲ್ಕು ಸಲ ‘ನೆತ್ತಿ’, ಮೂರು ಸಲ ‘ಸಕಾರ’. ನೆತ್ತಿಗೆ ಮೆತ್ತನೆಯ ಪಟ್ಟಿ ಸುತ್ತಬಹುದಿತ್ತು, ಸಕಾರಕ್ಕೆ ಈಕ್ವಲೈಜರ್‌ನಲ್ಲಿ 3 ಡೆಸಿಬಲ್ ಇಳಿಸಬಹುದಿತ್ತು. ಎರಡಕ್ಕೂ ಮದ್ದು ಮಾಡಬೇಕಾದ ಹೆಡ್‌ಫೋನ್ ಯಾಕೆ ಅಂತ ವಾಪಸ್ ಕೊಟ್ಟೆ. ಎರಡನೆಯದರಲ್ಲಿ ಮೊದಲ ದಿನ 50 ನಿಮಿಷ, ‘ಬಿಗಿ’. ಎರಡನೇ ದಿನ 55, ‘ಬಿಗಿ’. ಪುಸ್ತಕದ ಗುಡ್ಡೆಗೆ ಹಾಕಿಟ್ಟ ಮೇಲೆ ಒಂದೂವರೆ ಗಂಟೆ, ಎರಡು ಗಂಟೆ. ಕಾರಣದ ಜಾಗದಲ್ಲಿ ‘ಊಟಕ್ಕೆ ಕರೆದರು’ ಅಂತ ಬರೆದಿದೆ. ಅದು ಇವತ್ತಿಗೂ ಮೇಜಿನ ಮೇಲಿದೆ.